ಆಕಳಿಕೆಗೆ ಏಳುವ ಕೈ

ಮಾರ್ಚ್ ೪, ಬೆಳಿಗ್ಗೆ

ಹಾಲು ಅರ್ಧ ಲೋಟ. ಮಾತ್ರೆ ಮೂರು. ಬಲಗೈಗೆ ಎಣ್ಣೆ ತಿಕ್ಕಿದ್ದಾಯಿತು. ಕೈ ಎಂದಿನಂತೆ — ಹಿಂಡದ ಒದ್ದೆ ಟವೆಲ್ಲು.

ವ್ಯಾಯಾಮ ಮಾಡಿಸುವ ಹುಡುಗಿ ದಿನಾ ಬರೆದಿಡಿ ಅಂದಿದ್ದಾಳೆ. ಬರೆಯಲು ಏನಿದೆ? ಇವರಿಗೆ ಲಕ್ವ ಹೊಡೆದು ಎರಡು ತಿಂಗಳು. ಬಾಯಲ್ಲಿ ಉಳಿದದ್ದು ಒಂದೇ ಮಾತು — ‘ಅದೇ’. ಹಾಲು ಬೇಕಾ ಅಂದರೆ ಅದೇ. ಬೇಡವಾ ಅಂದರೂ ಅದೇ. ನಲವತ್ತೆಂಟು ವರ್ಷ ನನ್ನ ಒಂದು ಮಾತಿಗೆ ಎರಡು ಮಾತು ತಿರುಗಿಸಿಕೊಟ್ಟ ಗಂಡಸು! ಈಗ ಜಗಳ ತೆಗೆದರೂ ಕೋಣನ ಮುಂದೆ ಕಿನ್ನರಿ.

ಈ ಪುಸ್ತಕ ನೋಡಿದರೆ ಮಾತ್ರ ಇವರ ಮುಖ ಗಂಟು. ನನ್ನ ಸಾಲು ಇಳಿಜಾರು. ನಾಲ್ಕನೇ ಕ್ಲಾಸಿಗೆ ನಿಂತ ಅಕ್ಷರ, ಇನ್ನು ಹೇಗಿರಬೇಕು? ಇವರದು ಅಂಗಡಿ ಬೋರ್ಡು ಬರೆದ ಕೈ. ದಾರಕ್ಕೆ ಸೀಮೆಸುಣ್ಣ ಬಳಿದು, ಬೋರ್ಡಿಗೆ ಅಡ್ಡ ಬಿಗಿದು, ಚಿಮ್ಮಿ, ನೇರ ಗೆರೆ ಬೀಳದೆ ಒಂದಕ್ಷರ ಬರೆದವರಲ್ಲ.

ಮಾರ್ಚ್ ೬, ಮಧ್ಯಾಹ್ನ ಮೂರು

ಕೈ ಎದ್ದಿತು!

ಇವರು ಬಾಯಿ ಅಗಲಿಸಿ ಆಕಳಿಸಿದರು. ಸತ್ತಂತೆ ಬಿದ್ದಿದ್ದ ಬಲಗೈ ಮೆಲ್ಲಗೆ ಎದೆ ಮಟ್ಟಕ್ಕೆ ಬಂತು. ಆಕಳಿಕೆ ಮುಗಿಯಿತು. ಧೊಪ್ಪನೆ ಬಿತ್ತು.

“ಇನ್ನೊಂದ್ಸಲ ಎತ್ರೀ.”

ಇಲ್ಲ.

“ಎತ್ರೀ ಅಂದ್ರೆ!”

“ಅದೇ.”

ನಾಟಕವಾ? ಎರಡು ತಿಂಗಳಿಂದ ನನ್ನ ಕೈಲಿ ಬೆನ್ನು ತಿಕ್ಕಿಸಿಕೊಂಡು... ಬಾಯಿಗೆ ಬಂದಂತೆ ಬೈದೆ. ಬಚ್ಚಲಿಗೆ ಹೋಗಿ ಅತ್ತೆ. ಯಾಕೆ ಅತ್ತೆನೋ, ಅದೂ ತಿಳಿಯಲಿಲ್ಲ.

ಅಳಿಯನಿಗೆ ಹೇಳಿದೆ. ತಿಂಗಳ ಕೊನೆಗೆ ಇವರ ಅಂಗಡಿ ಬಿಟ್ಟುಕೊಡುವುದು, ಕುಂಚಗಳನ್ನು ಬೋರ್ಡು ಬರೆಯುವ ಬೇರೆಯವರಿಗೆ ಕೊಡುವುದು ಅಂತ ಅವನ ಲೆಕ್ಕಾಚಾರ.

“ತಡಿಯಪ್ಪಾ, ಕೈ ಬರ್ತಾ ಇದೆ.”

“ಅತ್ತೆ, ಸರಿಯಾಗಿ ನೋಡಿದ್ರಾ?”

“ಕಣ್ಣು ನಂದೇ, ಬಾಡಿಗೆಗೆ ತಂದಿದ್ದಲ್ಲ.”

ತಡೆದಿದ್ದಾನೆ. ಸದ್ಯಕ್ಕೆ.

ಮಾರ್ಚ್ ೭

ಮೊಮ್ಮಗಳನ್ನು ಕೇಳಿದೆ. ಮನೆಯಲ್ಲಿ ಅವಳನ್ನು ಕರೆಯುವುದೇ ‘ಯಾಕಮ್ಮ’ ಅಂತ. ಹತ್ತು ವರ್ಷದ ಬಾಯಲ್ಲಿ ‘ಯಾಕೆ’ ಬಿಟ್ಟರೆ ಬೇರೆ ಮಾತಿಲ್ಲ.

“ಏ ಯಾಕಮ್ಮ, ಈ ಆಕಳಿಕೆ ಯಾಕೆ ಬರತ್ತೆ?”

“ವಿಜ್ಞಾನಿಗಳಿಗೂ ಪೂರ್ತಿ ಗೊತ್ತಿಲ್ಲ ಅಜ್ಜಿ. ಮೆದುಳು ತಣ್ಣಗಾಗೋಕೆ ಇರಬಹುದಂತೆ. ಹೊಟ್ಟೆಯೊಳಗಿನ ಪಾಪುನೂ ಆಕಳಿಸತ್ತಂತೆ. ಒಬ್ಬರನ್ನ ನೋಡಿ ಇನ್ನೊಬ್ಬರಿಗೆ ಬರತ್ತೆ.”

“ಹಾಗಾದ್ರೆ ನಾನು ಆಕಳಿಸಿದ್ರೆ ನಿಮ್ಮಜ್ಜನಿಗೂ?”

“ಬರಬಹುದು.” ಮತ್ತೆ ತಾನೇ ಶುರು ಮಾಡಿದಳು — “ಅಜ್ಜಿ, ಮೇಲೆ ಅಂತರಿಕ್ಷಕ್ಕೆ ಹೋದೋರು ಮಲಗ್ತಾರಲ್ಲ, ಅವರ ಕೈನೂ ತಾನಾಗೇ ಮುಂದಕ್ಕೆ ತೇಲತ್ತೆ. ಅವರು ಎತ್ತಲ್ಲ.”

“ನಿಮ್ಮಜ್ಜ ಇರೋದು ಮಂಚದ ಮೇಲೆ ಕಣೇ.”

ಹಾಗಂದೆ. ಆದರೂ ತಲೆಯಲ್ಲಿ ಹುಳ ಬಿಟ್ಟಳು. ಯಾರೂ ಎತ್ತದೆ ಏಳುವುದು ಅಂದರೆ...

ಮಾರ್ಚ್ ೧೨

ಐದು ದಿನದಿಂದ ಮನೆಯಲ್ಲಿ ಪಾಳಿ. ಬೆಳಿಗ್ಗೆ ನಾನು, ಒಗ್ಗರಣೆ ಇಳಿಸಿ ಮಗಳು, ಸ್ಕೂಲಿಂದ ಬಂದು ಯಾಕಮ್ಮ. ಮಂಚದ ಮುಂದೆ ಕೂತು ಆಕಳಿಸುವುದೇ ಕೆಲಸ. ನಿನ್ನೆ ಕೈ ಹನ್ನೊಂದು ಸಲ ಎದ್ದಿತು. ನನ್ನ ದವಡೆ ಕೀಲು ತಪ್ಪುವುದೊಂದು ಬಾಕಿ.

ಹಾಲಿನವನು ಬಾಗಿಲಲ್ಲಿ ನಿಂತು ನೋಡಿದ. ಅವನಿಗೂ ಆಕಳಿಕೆ ಬಂತು. “ಏನಜ್ಜಿ, ಮನೆ ಮಂದಿಯೆಲ್ಲ ಸೇರಿ ರಾತ್ರಿ ಕಳ್ಳತನಕ್ಕೆ ಹೋಗಿದ್ರಾ?”

“ಹೂಂ, ನಿಮ್ಮನೆಗೇ. ನೀರು ಬಿಟ್ರೆ ಏನೂ ಸಿಗಲಿಲ್ಲ.”

ಇವರ ಎಡಗೈಯದೇ ಕಿರಿಕಿರಿ. ಸುಮ್ಮನಿರದು. ಈ ಪುಸ್ತಕ ಎಳೆಯುವುದು, ಪೆನ್ಸಿಲ್ಲಿಗೆ ಚಾಚುವುದು. ಗಟ್ಟಿ ಕೈ ದುಡಿದರೆ ಸೋಮಾರಿ ಕೈ ಯಾಕೆ ಎದ್ದೀತು? ಹೊದಿಕೆಯೊಳಗೆ ಸೇರಿಸಿ ಸುತ್ತಿಬಿಟ್ಟೆ.

ಮಾರ್ಚ್ ೧೩

ವ್ಯಾಯಾಮದ ಹುಡುಗಿ ಬಂದಳು. ಹೆಮ್ಮೆಯಿಂದ ಆಕಳಿಸಿ ತೋರಿಸಿದೆ. ಇವರೂ ಆಕಳಿಸಿದರು. ಕೈ ಎದ್ದಿತು. ಅವಳು ಚಪ್ಪಾಳೆ ತಟ್ಟಲಿಲ್ಲ.

“ಅಜ್ಜಿ, ಲಕ್ವ ಆದ ಕೆಲವರಲ್ಲಿ ಹೀಗಾಗತ್ತೆ. ಬೇಕು ಅಂತ ಕೈ ಎತ್ತೋಕೆ ಮೆದುಳಿಂದ ಒಂದು ದಾರಿ ಇದೆ. ಅದು ಕಡಿದಿದೆ. ಆಕಳಿಕೆ ಬರೋದು ಬೇರೆ ದಾರೀಲಿ, ಹಳೇದು, ಮೆದುಳಿನ ಬುಡದಿಂದ. ಅದರ ಜೊತೆ ಕೈನೂ ಏಳತ್ತೆ. ಅಜ್ಜ ಎತ್ತುತ್ತಾ ಇಲ್ಲ.”

“ಹಾಗಾದ್ರೆ ಎತ್ತುತ್ತಿರೋರು ಯಾರಮ್ಮಾ?”

“ಯಾರೂ ಇಲ್ಲ.”

“ಕೈ ಅವರದ್ದೇ ತಾನೇ?”

“ಅವರದ್ದೇ. ಆದ್ರೆ ಎಷ್ಟು ಆಕಳಿಸಿದ್ರೂ ಅದರಿಂದ ಬರೆಯೋ ಕೈ ವಾಪಸ್ ಬರಲ್ಲ ಅಜ್ಜಿ.”

ಹೊದಿಕೆ ಸರಿಸಿ ಎಡಗೈ ಬಿಡಿಸಿದಳು. “ಇದನ್ನ್ಯಾಕೆ ಸುತ್ತಿಟ್ಟಿದೀರಿ?”

ಹೊದಿಕೆ ಎಳೆದುಕೊಂಡು ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ.

ಅವರದೇ ಕೈ. ಅವರು ಎತ್ತುತ್ತಿಲ್ಲ. ಎತ್ತುವವರು ಯಾರೂ ಇಲ್ಲ. ಆದರೂ ಏಳುತ್ತದೆ. ಇದನ್ನು ಯಾವ ಕ್ಲಾಸಿನವರೆಗೆ ಓದಿದ್ದರೆ ಅರ್ಥವಾಗುತ್ತಿತ್ತೋ.

ಮಾರ್ಚ್ ೨೨

ಇಷ್ಟು ದಿನ ಬರೆಯಲಿಲ್ಲ. ಇವರಿಗೆ ಆಕಳಿಕೆ ಬಂದರೆ ಕಿಟಕಿ ಕಡೆ ತಿರುಗುತ್ತೇನೆ. ಅಂಗಡಿ, ಕುಂಚ ಎಲ್ಲಾ ಕೊಟ್ಟುಬಿಡಪ್ಪಾ ಅಂತ ಅಳಿಯನಿಗೆ ಅಂದೆ. ಕುಂಚದ ಡಬ್ಬ ಮನೆಗೆ ತಂದಿದ್ದಾನೆ. ನಾಳೆ ಹತ್ತಕ್ಕೆ ಬೋರ್ಡಿನವರು ಬಂದು ಒಯ್ಯುತ್ತಾರೆ.

ಮಾರ್ಚ್ ೨೩, ಒಂಬತ್ತೂ ಮುಕ್ಕಾಲು

ಹಾಲು ಒಂದು ಲೋಟ. ಡಬ್ಬ ಮಂಚದ ಕಾಲ ಬಳಿ. ಇವರು ಅದನ್ನು ನೋಡುತ್ತಿಲ್ಲ. ಈ ಪುಸ್ತಕ ನೋಡುತ್ತಿದ್ದಾರೆ. ನನ್ನ ಸಾಲು ಇಳಿಯುತ್ತಿದೆಯಂತೆ — ‘ಅದೇ, ಅದೇ’ ಅಂತ ಗೊಣಗಾಟ. ಇಳಿಯಲಿ ಬಿಡ್ರೀ ಅಂದೆ, ಎಲ್ಲಾ ಇಳಿದಾಯ್ತು.

ಪೆನ್ಸಿಲ್ಲು ಕಿತ್ತುಕೊಂಡರು. ಎಡಗೈಲಿ! ಕೊಡಿ ಅಂದೆ, ಕೊಡಲಿಲ್ಲ. ನಾನು ಬರೆದ ಸಾಲಿನ ಕೆಳಗೆ ಎಡದಿಂದ ಬಲಕ್ಕೆ ಒಂದು ಗೆರೆ ಎಳೆದು ಪೆನ್ಸಿಲ್ಲು ವಾಪಸ್ ಕೊಟ್ಟರು. ದಾರವಿಲ್ಲ, ಸೀಮೆಸುಣ್ಣವಿಲ್ಲ. ಗೆರೆ ನಡುಗಿದೆ. ಇಳಿದಿಲ್ಲ.

ಆ ಗೆರೆ ಮೇಲೇ ಇದನ್ನು ಬರೆಯುತ್ತಿದ್ದೇನೆ. ಬಾಗಿಲು ಬಡಿಯುತ್ತಿದ್ದಾರೆ, ಬೋರ್ಡಿನವರೇ ಇರಬೇಕು. ಯಾರೂ ತೆಗೀಬೇಡಿ ಅಂತ ಕೂಗಿದೆ. ಡಬ್ಬ ಮೇಲೆ ಎತ್ತಿಟ್ಟೆ. ಇಷ್ಟು ದಿನ ಯಾವ ಕೈ ಕಾಯುತ್ತಾ ಕೂತಿದ್ದೆ ನಾನು, ಯಾವ ಕೈ ಸುತ್ತಿ... ತಡೀರಿ, ಕೊಡ್ತೀನಿ, ಮತ್ತೆ ಪೆನ್ಸಿಲ್ಲಿಗೆ ಕೈ ಹಾ