ಕುದುರೆಯ ಹಿಂಗಾಲು

ಮಂಗಳವಾರ, ಮಧ್ಯಾಹ್ನ
ಅಂಗಡಿಯಿಂದ

ಪ್ರೀತಿಯ ಗುಂಡಿಗೆ,

ನಿನ್ನ ಅತ್ತಿಗೆಯ ನೆನಪುಗಳು. ಕಾಗದ ನೋಡಿ ಗಾಬರಿಯಾಗಬೇಡ, ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ. ನಿನ್ನಣ್ಣ ಗುಂಡುಕಲ್ಲಿನ ಹಾಗಿದ್ದಾರೆ. ಈಗಲೂ ಅಂಗಡಿಯ ಮೂಲೆಯಲ್ಲಿ ನಿಂತು ಇಸ್ತ್ರಿ ಮಾಡುತ್ತಾರೆ, ಈಗಲೂ ಕೈಯಲ್ಲಿ ಕನ್ನಡಕ ಹಿಡಿದುಕೊಂಡೇ ಅದೆಲ್ಲಿ ಎಂದು ನನ್ನನ್ನು ಕೇಳುತ್ತಾರೆ. ಫೋನ್ ಇರುವಾಗ ಇವಳಿಗೇಕೆ ಕಾಗದದ ಹುಚ್ಚು ಎಂದು ನೀನು ಅಂದುಕೊಳ್ಳುತ್ತೀಯ. ಫೋನಿನಲ್ಲಿ ಏನು ಕೇಳಿದರೂ ನೀನು ‘ನೋಡೋಣ ಅತ್ತಿಗೆ’ ಎಂದು ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಸಿಟ್ಟಿನಲ್ಲಿ ಪಕ್ಕಕ್ಕಿಟ್ಟರೂ ಮತ್ತೆ ತೆಗೆದು ಓದುತ್ತೀಯ. ನಿನ್ನ ಕುತೂಹಲ ನನಗೆ ಗೊತ್ತಿಲ್ಲದ್ದೇನಲ್ಲ.

ವಿಷಯ ಇಷ್ಟೇ. ಆ ಹಳೆಯ ಕುದುರೆಯ ನಾಟಕವನ್ನು ಮತ್ತೆ ಆಡುತ್ತಾರಂತೆ. ನಾಟಕದ ಮೇಷ್ಟ್ರು ತೀರಿಕೊಂಡ ಮೇಲೆ ತಂಡವನ್ನು ಅವರ ಮಗಳೇ ನೋಡಿಕೊಳ್ಳುತ್ತಿದ್ದಾಳೆ. ಹೋದ ತಿಂಗಳು ಅಂಗಡಿಗೆ ಬಂದು ನಿನ್ನ ಸ್ಟೂಲಿನ ಮೇಲೆ ಕೂತು, ‘ಎಲ್ರೂ ಕುದುರೆ ವೇಷ ಬಾಡಿಗೆಗೆ ತರೋಣ ಅಂತಾರೆ ಆಂಟಿ. ನಂಗೆ ಆ ಕುದುರೇನೇ ಬೇಕು. ಚಿಕ್ಕವಳಿದ್ದಾಗ ಅದು ನಿಜವಾದ ಕುದುರೆ ಅಂದ್ಕೊಂಡು ಅದಕ್ಕೆ ತಿನ್ನೋಕೆ ಹುಲ್ಲು ತಂದಿದ್ದೆ’ ಎಂದಳು. ಅಷ್ಟು ಹೇಳಿದ ಮೇಲೆ ಇಲ್ಲವೆನ್ನುವುದು ಹೇಗೆ? ಹಳೆಯದನ್ನು ಇಲಿಗಳು ತಿಂದು ಹಾಕಿವೆ, ಹೊಸದು ಹೊಲಿಯಬೇಕು. ಕುದುರೆಯೊಳಗೆ ಹಿಂದೆ ಮುಂದೆ ನಿಲ್ಲುವ ಪಾತ್ರಧಾರಿಗಳಿಬ್ಬರ ಅಳತೆಯನ್ನೂ ಕೊಟ್ಟು ಹೋದಳು. ಅದನ್ನು ಮಿಷನ್ನಿನ ಎದುರಿನ ಗೋಡೆಗೆ ಸಿಕ್ಕಿಸಿದ್ದೇನೆ. ಬರುವ ತಿಂಗಳ ಮೊದಲ ಭಾನುವಾರ ಪ್ರದರ್ಶನ.

ಮುಂದಿನ ಅರ್ಧ ಆಗಿದೆ. ತಲೆ, ಕುತ್ತಿಗೆ, ಮುಂಗಾಲು ಎಲ್ಲ ಸರಿ, ಕಿವಿ ಮಾತ್ರ ಸ್ವಲ್ಪ ಕತ್ತೆಯ ಕಡೆಗೆ ವಾಲಿದೆ. ತಾಪತ್ರಯವಿರುವುದು ಹಿಂದಿನ ಅರ್ಧದಲ್ಲಿ. ನಮ್ಮಲ್ಲಿ ಯಾವಾಗಲೂ ಮುಂದಿನದು ನನ್ನದು, ಹಿಂದಿನದು ನಿನ್ನದು. ಎರಡೂ ಸೇರುವ ಕಡೆ, ಹೊಟ್ಟೆಯ ಹತ್ತಿರ, ಬಟ್ಟೆ ಜೋಲಲೂಬಾರದು, ನಡೆಯುವಾಗ ಎಳೆಯಲೂಬಾರದು. ಅಲ್ಲಿ ನೀನು ನೆರಿಗೆಯನ್ನು ಹೇಗೆ ಹಿಡಿದಿದ್ದೆ? ಅಷ್ಟನ್ನು ಬರೆದು ಕಳಿಸಿದರೆ ಸಾಕು. ನೀನು ಬರಬೇಕೆಂದೇನೂ ಇಲ್ಲ.

ನೋಡಿ ಕಲಿಯೋಣವೆಂದು ಹಳೆಯ ಕುದುರೆಯನ್ನು ತರಿಸಿ ಮೇಜಿನ ಮೇಲೆ ಮಲಗಿಸಿ ಹೊಲಿಗೆ ಬಿಚ್ಚಿದೆ. ಬಿಚ್ಚಬಾರದಿತ್ತೇನೋ. ಅಂದಿನಿಂದ ಕೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ.

ನೆನಪಿದೆಯಾ, ಆಗ ಮೇಷ್ಟ್ರು ಆರಿಸಿದ್ದ ಇಬ್ಬರು ಗಟ್ಟಿಮುಟ್ಟಾದ ಆಳುಗಳು ಅಳತೆ ನೋಡಲು ಕರೆದಾಗಲೆಲ್ಲ ‘ನಾಳೆ ಬರ್ತೀವಿ’ ಎನ್ನುತ್ತಿದ್ದರು. ಅವರ ನಾಳೆ ಬರಲೇ ಇಲ್ಲ. ಬೇಸತ್ತು ನಾವೇ ಒಬ್ಬರಿಗೊಬ್ಬರು ತೊಡಿಸಿ ನೋಡತೊಡಗಿದೆವು. ಉದ್ದವಿದ್ದ ನಾನು ಮುಂದೆ, ಗಿಡ್ಡಗಿದ್ದ ನೀನು ಹಿಂದೆ. ಇಲ್ಲಿ ಸಡಿಲವಾಯಿತು ಎಂದು ಒಂದಿಷ್ಟು ಹಿಡಿದೆವು, ಅಲ್ಲಿ ಜೋಲುತ್ತಿದೆ ಎಂದು ಇನ್ನೊಂದಿಷ್ಟು ಹಿಡಿದೆವು. ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು ನೀನು ‘ಹೂಂ’, ‘ಉಹೂಂ’ ಎಂದೇ ಎಲ್ಲ ಮಾತಾಡುತ್ತಿದ್ದೆ. ಕೊನೆಗೆ ಕುದುರೆ ನಮ್ಮ ಮೈಗೆ ಎಷ್ಟು ಚೆನ್ನಾಗಿ ಕೂತಿತೆಂದರೆ, ಅದನ್ನು ತೊಡುವವರು ನಾವಲ್ಲ ಎನ್ನುವುದೇ ಇಬ್ಬರಿಗೂ ಮರೆತುಹೋಗಿತ್ತು.

ಪ್ರದರ್ಶನದ ದಿನ ಆ ಪುಣ್ಯಾತ್ಮರು ಬಂದರು. ಒಬ್ಬನ ತೊಡೆ ಸಿಕ್ಕಿಕೊಂಡಿತು, ಇನ್ನೊಬ್ಬನಿಗೆ ಮೊಣಕಾಲಿನಿಂದ ಮೇಲೆ ಹತ್ತಲೇ ಇಲ್ಲ. ಎಳೆದರೆ ಬಟ್ಟೆ ಹರಿಯುತ್ತದೆ, ಬಿಟ್ಟರೆ ನಾಟಕ ನಿಲ್ಲುತ್ತದೆ. ಮೇಷ್ಟ್ರು ಬಣ್ಣದ ಕೋಣೆಯ ಹೊಸ್ತಿಲ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು. ಆಗ ನೀನು ಬಾಯಿಂದ ಗುಂಡುಸೂಜಿ ತೆಗೆದು, ‘ನಾವೇ ಒಳಗೆ ಹೋದ್ರೆ ಆಯ್ತಲ್ಲ ಅತ್ತಿಗೆ, ಇದೇನು ಮಹಾ’ ಎಂದೆ.

ಮಹಾ ಹೌದೋ ಅಲ್ಲವೋ ನಿನಗೆ ಗೊತ್ತಿತ್ತು. ನಾವು ಅಂಗಡಿ ತೆರೆದಾಗಲೇ ನಿನ್ನಮ್ಮ, ನನ್ನತ್ತೆ, ನಮ್ಮಿಬ್ಬರನ್ನೂ ಕೂರಿಸಿಕೊಂಡು ‘ಯಾರಿಗೆ ಬೇಕಾದ್ರೂ ಬಟ್ಟೆ ಹೊಲೀರಿ, ಬೇಡ ಅನ್ನಲ್ಲ. ಸ್ಟೇಜ್ ಮೇಲೆ ಮಾತ್ರ ನಮ್ಮನೆ ಹೆಣ್ಮಕ್ಕಳು ಕಾಲಿಡಕೂಡದು’ ಎಂದಿದ್ದರು. ಅವರ ಮಾತಿಗೆ ಎರಡನೇ ಮಾತಿರಲಿಲ್ಲ. ಅವತ್ತು ಅವರು ಮೊದಲ ಸಾಲಿನಲ್ಲೇ ಕೂತಿದ್ದರು, ನಿನ್ನಣ್ಣನ ಪಕ್ಕದಲ್ಲಿ.

ಒಳಗೆ ಎಂಥ ಕತ್ತಲೆ. ಹೊಸ ಬಟ್ಟೆಯ ವಾಸನೆ, ಅಂಟಿನ ವಾಸನೆ, ನಮ್ಮದೇ ಬೆವರು. ನನಗಾದರೂ ಕುತ್ತಿಗೆಯ ಸೀಳಿನಲ್ಲಿ ರಾಜನ ಬೂಟುಗಳು ಕಾಣುತ್ತಿದ್ದವು. ನಿನಗೆ ನನ್ನ ಬೆನ್ನು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ನನ್ನ ಸೊಂಟ ಹಿಡಿದು ಬಗ್ಗಿಕೊಂಡು ‘ಎಡ, ಬಲ, ಎಡ, ಬಲ, ಅತ್ತಿಗೆ ನಿಧಾನ’ ಎನ್ನುತ್ತಾ ಬರುತ್ತಿದ್ದೆ. ಧೈರ್ಯ ಹೇಳುತ್ತಿದ್ದವಳು ನೀನೇ, ಅವಸರ ಮಾಡುತ್ತಿದ್ದವಳೂ ನೀನೇ. ರಾಜ ತನ್ನ ದುಃಖದ ಮಾತು ಶುರುಮಾಡಿದ. ಇಡೀ ಸಭೆ ಉಸಿರು ಬಿಗಿಹಿಡಿದಿತ್ತು. ಆಗ ನಿನಗೆ ಸೀನು ಬಂತು.

ಕುದುರೆ ಹಿಂದಿನಿಂದ ಸೀನಿದ್ದನ್ನು ಆ ಜನ ಅದುವರೆಗೆ ಕಂಡಿರಲಿಲ್ಲ. ಹಿಂಗಾಲುಗಳೆರಡೂ ಒಟ್ಟಿಗೆ ಮೇಲೆ ಹಾರಿ ಇಳಿದವಂತೆ. ಜನ ಬಿದ್ದು ಬಿದ್ದು ನಕ್ಕರು, ರಾಜನೂ ಅಳುವುದನ್ನು ಬಿಟ್ಟು ಮುಖ ತಿರುಗಿಸಿ ನಕ್ಕ. ನಮ್ಮನ್ನು ಬಯ್ಯುತ್ತಾರೆಂದು ಹೆದರಿದ್ದರೆ, ಮೇಷ್ಟ್ರು ಮುಂದಿನ ಪ್ರತಿ ಪ್ರದರ್ಶನದಲ್ಲೂ ಅದೇ ಜಾಗದಲ್ಲಿ ನೀನು ಸೀನಲೇಬೇಕು ಎಂದರು. ಹಾಗೆ ಆ ಹಿಂಗಾಲು ನಿನ್ನದೇ ಆಯಿತು. ಅಂಗಡಿಗೂ ನಾವಿಟ್ಟ ಚೆಂದದ ಹೆಸರು ಹೋಗಿ ‘ಕುದುರೆ ಅಂಗಡಿ’ ಎಂದೇ ಆಯಿತು.

ಅವತ್ತು ಹಿತ್ತಿಲ ಬಾಗಿಲಿನಿಂದ ಕಳ್ಳರ ಹಾಗೆ ಮನೆಯೊಳಗೆ ಬಂದೆವಲ್ಲ. ಅಮ್ಮ ಆಗಲೇ ಬಂದು ದೊಡ್ಡ ಪಾತ್ರೆಯಲ್ಲಿ ಬಿಸಿನೀರು ಕಾಯಿಸಿದ್ದರು. ನಮ್ಮ ಮುಖ ನೋಡದೆ, ‘ಇಬ್ರೂ ಬೆನ್ನಿಗೆ ಬಿಸಿನೀರು ಹಾಕ್ಕೊಳ್ಳಿ. ಕುದುರೆ ಚೆನ್ನಾಗಿತ್ತು. ಹಿಂಗಾಲಿಗೆ ಸ್ವಲ್ಪ ಅವಸರ ಜಾಸ್ತಿ’ ಎಂದರು. ಹೆತ್ತವರಿಗೆ ನಡಿಗೆ ಗೊತ್ತಾಗದೆ ಇರುತ್ತದೆಯೇ? ಆಮೇಲೆ ಅವರು ಆ ಮಾತನ್ನು ಎತ್ತಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಆದರೆ ಪ್ರತಿ ಪ್ರದರ್ಶನದ ಸಂಜೆ ನೀರು ಕಾದಿರುತ್ತಿತ್ತು. ಅಮ್ಮನನ್ನು ನೆನೆದಾಗಲೆಲ್ಲ ನನಗೆ ಆ ಪಾತ್ರೆಯ ಆವಿಯೇ ಮೊದಲು ಕಣ್ಣಿಗೆ ಬರುತ್ತದೆ.

ಎಷ್ಟೊಂದು ಜನಕ್ಕೆ ಹೊಲಿದೆವು ಗುಂಡಿ. ಆ ಜಾದೂಗಾರ, ಕೋಟಿನ ಯಾವ ಜೇಬು ಯಾತಕ್ಕೆ ಎಂದು ನಮಗೂ ಹೇಳದೆ ಗುಟ್ಟಾಗಿ ಜೇಬಿನೊಳಗೆ ಜೇಬು ಹೊಲಿಸಿಕೊಂಡವನು. ಮದುವೆಯ ಉಡುಪಿಗೆ ಕರವಸ್ತ್ರದ ಜೇಬು ಇರಲೇಬೇಕೆಂದು ಹಟ ಹಿಡಿದ ಆ ಹುಡುಗಿ. ‘ಅಳ್ತೀನಿ ಅಂತ ಈಗಲೇ ಗೊತ್ತು ನಂಗೆ’ ಎಂದಿದ್ದಳು. ಶಾಲೆಯ ನಾಟಕದಲ್ಲಿ ಚಂದ್ರನಾಗಿದ್ದ ಮಗುವೊಂದು ನಾಟಕ ಮುಗಿದ ಮೇಲೂ ಉಡುಪು ಬಿಚ್ಚಲು ಒಪ್ಪದೆ ಅದರಲ್ಲೇ ನಿದ್ದೆ ಮಾಡಿತ್ತು. ಒಬ್ಬೊಬ್ಬರ ಮೈಯೂ ಬೇರೆ, ಒಂದೊಂದಕ್ಕೂ ಬೇರೆ ಕತ್ತರಿ. ಕೆಲಸ ಕೈ ಕಚ್ಚುತ್ತಿತ್ತು, ಆದರೂ ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತುವಾಗ ಇವತ್ತು ಯಾರು ಬರುತ್ತಾರೋ ಎಂಬ ಆಸೆ ಇರುತ್ತಿತ್ತು.

ಆಮೇಲೆ ಬರುವವರು ಕಡಿಮೆಯಾದರು. ‘ಒಬ್ರಿಗಾಗೋ ಕೆಲ್ಸಕ್ಕೆ ಇಬ್ರು ಕೂತ್ಕೊಂಡು ಮುಖ ಮುಖ ನೋಡ್ಕೊಳ್ಳೋದ್ಯಾಕೆ ಅತ್ತಿಗೆ’ ಎಂದು ನೀನು ಈಗಿರುವ ಊರಿನ ಸಿದ್ಧ ಉಡುಪಿನ ಕಾರ್ಖಾನೆಗೆ ಹೊರಟೆ. ನಾನು ಹೂಂ ಎಂದೆ. ನೀನು ಆಡಿದ್ದು ಸರಿಯಾದ ಮಾತೇ ಆಗಿತ್ತು. ನಿನ್ನ ಮಿಷನ್ನನ್ನು ವ್ಯಾನಿಗೆ ಹತ್ತಿಸಿದ ಮೇಲೆ ನೋಡಿದರೆ, ಅದಿದ್ದ ಕಡೆ ನೆಲದ ಬಣ್ಣವೇ ಬೇರೆ. ಈಗಲೂ ಹಾಗೇ ಇದೆ. ಅಲ್ಲಿ ನಾನು ಏನನ್ನೂ ಇಟ್ಟಿಲ್ಲ.

ನಮ್ಮ ಮಗಳು ಈಚೆಗೆ ನಿನ್ನನ್ನು ನೋಡಿಕೊಂಡು ಬಂದಳಲ್ಲ. ಬಂದವಳು ಊಟಕ್ಕೂ ಕೂರದೆ, ‘ಅಮ್ಮಾ, ಅತ್ತೆ ಮಿಷನ್ ಮೇಲೆ ಟೀವಿ ಇಟ್ಕೊಂಡಿದ್ದಾರೆ’ ಎಂದಳು. ಕಾರ್ಖಾನೆಯಲ್ಲಿ ಇಷ್ಟು ವರ್ಷವೂ ನಿನಗೆ ಕಾಲರ್ ಹೊಲಿಯುವ ಕೆಲಸ ಒಂದೇ ಇತ್ತಂತೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಲರ್, ಪೂರ್ತಿ ಅಂಗಿಯ ಮುಖವನ್ನೇ ಕಾಣಲಿಲ್ಲವಂತೆ. ಈಗ ನೀನು ಕೆಲಸ ಬಿಟ್ಟಿದ್ದೀಯಲ್ಲ, ಅವಳು ಒಂದು ರವಿಕೆ ಹೊಲಿದುಕೊಡಿ ಎಂದು ಕೇಳಿದ್ದಕ್ಕೆ, ‘ಪೂರ್ತಿ ಬಟ್ಟೆ ಹೊಲಿಯೋದು ಮರೆತೇಹೋಗಿದೆ ಕಣೇ. ಇನ್ನು ನಾನು ಕತ್ತರಿ ಮುಟ್ಟಲ್ಲ’ ಎಂದೆಯಂತೆ. ಯಾರು ಏನನ್ನು ಮರೆತರೂ ನೀನು ಇದನ್ನು ಮರೆಯುವವಳಲ್ಲ. ಹಾಗೆಂದು ಫೋನಿನಲ್ಲಿ ಹೇಳೋಣವೆಂದರೆ ನಿನ್ನ ‘ನೋಡೋಣ ಅತ್ತಿಗೆ’ ಒಂದಿದೆಯಲ್ಲ.

ಹಳೆಯ ಕುದುರೆಯ ಹೊಲಿಗೆ ಬಿಚ್ಚುವಾಗ ನನ್ನ ಸೊಂಟದ ಪಟ್ಟಿಯ ಒಳಗೆ ಎರಡೂ ಬದಿಗೆ ಮೆತ್ತಗೆ ಏನೋ ಕೈಗೆ ಸಿಕ್ಕಿತು. ಎರಡು ಪುಟ್ಟ ಮೆತ್ತೆ, ಹತ್ತಿ ತುಂಬಿದ್ದು. ಮೊದಲು ಅರ್ಥವಾಗಲಿಲ್ಲ. ಆಮೇಲೆ ನನ್ನ ಸೊಂಟಕ್ಕೆ ಇಟ್ಟು ನೋಡಿದೆ. ನೀನು ಹಿಡಿದುಕೊಳ್ಳುತ್ತಿದ್ದ ಜಾಗ. ನಿನ್ನ ಬೆರಳು ನನಗೆ ಒತ್ತದಿರಲಿ ಎಂದು ಯಾವಾಗಲೋ ಹೊಲಿದು ಸೇರಿಸಿದ್ದೀಯ, ಹೇಳಲೂ ಇಲ್ಲ. ಇಲಿಗಳು ಕುದುರೆಯ ಬಾಲ, ಕಿವಿ, ಅರ್ಧ ಬೆನ್ನು ತಿಂದಿವೆ, ಅವನ್ನು ಮಾತ್ರ ಮುಟ್ಟಿಲ್ಲ. ಅವನ್ನು ಹಿಡಿದುಕೊಂಡು ಅಂಗಡಿಯಲ್ಲೇ ಕೂತು ಅತ್ತುಬಿಟ್ಟೆ ಗುಂಡಿ. ನಿನ್ನಣ್ಣ ಇಸ್ತ್ರಿ ಮಾಡುವುದನ್ನು ನಿಲ್ಲಿಸಿ ಟೀ ತರುತ್ತೇನೆಂದು ಹೊರಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಅವರ ಒಳ್ಳೆಯತನ ಅಂಥದ್ದು.

ಅದಿರಲಿ. ನೆರಿಗೆಯ ವಿಷಯ ಮರೆಯದೆ ಬರೆ. ಮಂಡಿನೋವು ಹೇಗಿದೆ? ಟೀವಿಯನ್ನು ಬೇರೆ ಕಡೆ ಇಡಲು ಜಾಗವಿದ್ದರೆ ಇಡು. ಮಿಷನ್ನಿಗೆ ಸ್ವಲ್ಪ ಎಣ್ಣೆ ಬಿಡು, ಪಾಪ, ಅದು ಏನು ಮಾಡಿತ್ತು ನಿನಗೆ.

ಎಂದೂ ನಿನ್ನವಳಾದ
ಅತ್ತಿಗೆ

ಮರೆಯುವ ಮೊದಲು: ಅಂಚೆಗೆ ಹಾಕುವ ಮುನ್ನ ಇದನ್ನು ನಿನ್ನಣ್ಣನಿಗೆ ಓದಲು ಕೊಟ್ಟೆ. ಓದಿ ಮಡಚಿಟ್ಟು, ‘ಹಿಂಗೆ ಬರೆದ್ರೆ ಅವಳು ನೆರಿಗೆ ಚಿತ್ರ ಬರೆದು ಕಳಿಸ್ತಾಳೆ, ಅಷ್ಟೇ. ನಿಜ ಬರಿ’ ಎಂದರು. ನಿಜ ಹೀಗಿದೆ. ಹಿಂದಿನ ಅರ್ಧ ಹೊಲಿದು ಮುಗಿಸಿ ವಾರವಾಯಿತು. ನೆರಿಗೆಯೂ ಸರಿಯಾಗಿಯೇ ಕೂತಿದೆ. ಮೊನ್ನೆ ಹಿಂಗಾಲಿನ ಪಾತ್ರದವನು ಬಂದು ತೊಟ್ಟು ನೋಡಿದ, ಮೊಣಕಾಲು ದಾಟಲಿಲ್ಲ. ಅವನ ಅಳತೆ ಗೋಡೆಯ ಮೇಲೆ ಎದುರಿಗೇ ಇತ್ತು. ಕತ್ತರಿ ಕೈಗೆ ಬಂದಾಗ ನಾನು ಅತ್ತ ನೋಡಲೇ ಇಲ್ಲ. ಹಿಂಗಾಲು ಎಂದರೆ ನನ್ನ ಕೈಗೆ ಗೊತ್ತಿರುವುದು ಒಂದೇ ಅಳತೆ. ಮುಂದಿನ ಅರ್ಧ ಯಾರ ಅಳತೆಗೆ ಆಗಿದೆ ಎಂದು ಮಾತ್ರ ಕೇಳಬೇಡ. ಮೇಷ್ಟ್ರ ಮಗಳು ಕಂಗಾಲಾಗಿ ಈಗೇನು ಮಾಡುವುದೆಂದು ಕೇಳಿದಳು. ಹಿಂಗಾಲು ಬಸ್ಸಿನಲ್ಲಿ ಬರುತ್ತದೆ ಎಂದು ಹೇಳಿಬಿಟ್ಟಿದ್ದೇನೆ. ಹೊಲಿಯುವುದು ಮರೆತಿದ್ದರೆ ಮರೆತಿರಲಿ, ನೀನು ನಡೆದರೆ ಸಾಕು. ನೀರು ನಾನು ಕಾಯಿಸಿಡುತ್ತೇನೆ.