ಎಲ್ಲರನ್ನೂ ಮೇಲೆತ್ತಿದ ಉಗಿಯಂತ್ರ

ರೊಂಡಾ ಕಣಿವೆ, ಮಂಗಳವಾರ

ಅಕ್ಕಾ,

ಇವರೂ ನಾನೂ ಕ್ಷೇಮ. ಗಣಿಗೆ ನೀರು ನುಗ್ಗಿದ ಸುದ್ದಿ ಊರಿಗೆ ಮುಟ್ಟಿರುತ್ತದೆ, ಅದಕ್ಕೇ ಮೊದಲು ಇದನ್ನು ಬರೆದೆ. ನಿನ್ನೆ ಇವರೂ ಸೇರಿ ಗಣಿಯ ಕೆಳಗಿದ್ದವರನ್ನೆಲ್ಲ ಉಳಿಸಿದ್ದು ನಮ್ಮ ಪಕ್ಕದ ಮನೆ ಹೌಯೆಲಣ್ಣ ನಡೆಸುವ ಉಗಿಯಂತ್ರ. ಹೊಸದರಲ್ಲಿ ಅದರ ಬುಸುಗುಟ್ಟುವಿಕೆಗೆ ಹೆದರಿ ನಾನು ಕಿಟಕಿ ಮುಚ್ಚುತ್ತಿದ್ದೆ. ಮನೆಯೆತ್ತರದ ಚಕ್ರ ಅದರದು. ಆದರೂ ಜನ ತುಂಬಿದ ಕಬ್ಬಿಣದ ಪಂಜರವನ್ನು ತೊಟ್ಟಿಲು ಎತ್ತಿದಷ್ಟು ಮೆಲ್ಲಗೆ ಮೇಲೆ ತರುತ್ತಿತ್ತು. ಬೆಳಗಿನಿಂದ ಸಂಜೆವರೆಗೆ ಅವನು ಹಿಡಿಕೆಯಿಂದ ಕೈ ತೆಗೆಯಲೇ ಇಲ್ಲ. ಹೆಂಡತಿ ಬ್ಲಾಡ್ವೆನ್ ಪಕ್ಕದಲ್ಲೇ ನಿಂತು ಚಹಾ ಕುಡಿಸಿದಳು. "ಬಾಯಿ ತೆಗಿ. ಮದುವೆಯಾದಾಗಿಂದ ನನ್ನ ಮಾತು ಕೇಳ್ತಿರೋದು ಇವತ್ತೇ!" ಎಂದು ಬೈಯುತ್ತಲೇ ಅವನ ಬೆವರು ಒರೆಸಿದಳು.

ಕೊನೆಯ ಪಂಜರದಿಂದ ಇಳಿದವರದೆಲ್ಲ ಕಲ್ಲಿದ್ದಲ ಮಸಿ ಮೆತ್ತಿದ ಒಂದೇ ಕರಿಮುಖ. ನಾನು ಓಡಿಹೋಗಿ ಇವರನ್ನು ತಬ್ಬಿಕೊಂಡು ಗೊಳೋ ಎಂದು ಅತ್ತೆ.

"ಸಮಾಧಾನ ಮಾಡ್ಕೊ ತಾಯಿ," ಅಂದ ನನ್ನ ತೋಳಲ್ಲಿದ್ದವನು, "ನಿನ್ನ ಎಮ್ರಿಸ್ ನನ್ನ ಹಿಂದಿದ್ದಾನೆ."

ಇವರು ನಿಂತು ನಗುತ್ತಿದ್ದರು. ನಾನು ಬಿಡಲಿಲ್ಲ, ಇಬ್ಬರನ್ನೂ ಸೇರಿಸಿಯೇ ತಬ್ಬಿಕೊಂಡೆ. ಬಿಳಿ ಅಂಗಿ ಪೂರ್ತಿ ಹಾಳಾಯಿತು, ನಿನ್ನ ಹಳೆಯದೊಂದಿದ್ದರೆ ಕಳಿಸು. ಅಂಚೆಯವನು ಬಾಗಿಲಲ್ಲಿ ಕಾಯುತ್ತಿದ್ದಾನೆ.

ತಂಗಿ ನೆಸ್ಟ