ಬಿಸಿಯಾದರೆ ನರಳುವ ಟ್ರ್ಯಾಕ್ಟರ್

೧೪ ಜೂನ್, ಶನಿವಾರ, ಬಾದನಹಟ್ಟಿ

ಅಪ್ಪನ ಹಳೆಯ ಟ್ರ್ಯಾಕ್ಟರ್ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಉತ್ತು ಬಿಸಿಯಾದ ಮೇಲೆ ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಮಾತ್ರ ಸ್ಟಾರ್ಟರ್ ಮೋಟರು ನರಳುತ್ತದೆ. ಹೊಸ ಬ್ಯಾಟರಿ ಹಾಕಿದರೂ ಅಷ್ಟೆ. ನಾಳೆ ಗುಜರಿಗೆ ಕೊಡುವುದೆಂದು ಅಣ್ಣ ಹುಲುಗೇಶ್ ಹೇಳಿಬಿಟ್ಟಿದ್ದ.

ಇವತ್ತು ಹೊಲದಲ್ಲಿ ಮತ್ತೆ ನರಳಿದಾಗ ಒಂದೊಂದೇ ವೈರ್ ಮುಟ್ಟಿ ನೋಡಿದೆ. ಬ್ಯಾಟರಿಯಿಂದ ಟ್ರ್ಯಾಕ್ಟರಿನ ಮೈಗೆ ಬಿಗಿದ ಅರ್ಥ್ ವೈರಿನ ತುದಿ ಕೈ ಸುಟ್ಟಿತು! ಬೋಲ್ಟ್ ಬಿಚ್ಚಿದರೆ, ಅಡಿಯಲ್ಲಿ ಹೋದ ವರ್ಷ ನಾನೇ ಆಸೆಯಿಂದ ಬಳಿದ ಕೆಂಪು ಬಣ್ಣ; ಕರೆಂಟಿಗೆ ಅದೇ ಅಡ್ಡ. ಕೆರೆದು ಬಿಗಿದೆ. ಬಿಸಿಯಲ್ಲೇ ಗರ್ರನೆ ಸ್ಟಾರ್ಟ್ ಆಯಿತು.

ಕುರುಗೋಡಿನ ಮೆಕ್ಯಾನಿಕ್ ಕರೀಮಸಾಬರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಮತ್ತ ಬೆಳಿಗ್ಗಿ ಹೆಂಗ ಸ್ಟಾರ್ಟ್ ಆಗತಿತ್ತು, ಚಾಚಾ?"

"ತಣ್ಣಗಿದ್ದಾಗ ಬಣ್ಣ ದಾಟಿ ಬಂದಷ್ಟು ಕರೆಂಟೇ ಸಾಕವ್ವಾ. ಬಿಸಿ ಆದ್ರ ಮೋಟರು ಜಾಸ್ತಿ ಬೇಡತೈತಿ."

ಅಣ್ಣ ಗುಜರಿಯವನಿಗೆ ಬರಬೇಡ ಎಂದ. ನನಗೋ ನಿದ್ದೆಯಿಲ್ಲ. ಬಿಸಿಯಾದರೆ ಜಾಸ್ತಿ ಯಾಕೆ ಬೇಕು? ನಾಳೆ ಸ್ಟಾರ್ಟರನ್ನೇ ಬಿಚ್ಚಿ ನೋಡಿದರೆ... ಅಣ್ಣನಿಗೆ ಹೇಳಬಾರದು.